ಐದು ಸಲ ಹೊರೆ ಇಳಿಸಿದ ದಾರಿ

ಹೋದ ತಿಂಗಳು ನಮ್ಮ ಬಿಲ್ಡಿಂಗಿನ ಮೆಟ್ಟಿಲು ಒರೆಸುವ ಬಾಯಿ, ಕೆಲಸದವಳನ್ನು ಇಲ್ಲಿ ಹಾಗೆನ್ನುತ್ತಾರೆ, ಕಿಟಕಿಯ ಗಾಜಿಗೆಂದು ನೀಲಿ ನೀರಿನ ಹೊಸ ಬಾಟಲಿಯೊಂದನ್ನು ತಂದಳು. ಅವಳು ಅದನ್ನು ಒಂದೆರಡು ಸಲ ಬುಸ್ ಎಂದು ಹೊಡೆದಿರಬೇಕು, ಮೂಗಿನೊಳಗೆ ಸೂಜಿ ಆಡಿಸಿದಂಥ ವಾಸನೆ ಬಾಗಿಲ ಸಂದಿಯಿಂದ ನುಗ್ಗಿ ಬಂತು. ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಬಾಗಿಲು ಹಾಕಿಕೊಳ್ಳೋಣವೆಂದು ಎದ್ದವಳು ಪೂರಾ ತೆರೆದು ಹೊಸ್ತಿಲ ಮೇಲೆ ನಿಂತೆ. ಆಜೀ, ಅಜ್ಜೀ, ಕೆಮ್ಮು ಬರುತ್ತದೆ, ಒಳಗೆ ಹೋಗಿ ಎಂದು ಬಾಯಿ ಮರಾಠಿಯಲ್ಲಿ ಗದರಿದಳು. ನಾನು ಇನ್ನೊಂದು ಸಲ ಹೊಡೆ ಎಂದೆ. ವಯಸ್ಸಾದವರ ತಲೆ ಯಾವಾಗ ಹೇಗೆ ಕೆಡುತ್ತದೋ ಎಂಬಂತೆ ಅವಳು ನನ್ನನ್ನು ನೋಡಿದಳು.

ಅದು ಅಮೋನಿಯಾದ ವಾಸನೆ. ನನಗೆ ಅದು ನಮ್ಮವರ ಅಂಗಿಯ ವಾಸನೆ.

ನಮ್ಮವರು ಹೋಗಿ ಎಂಟು ತಿಂಗಳಾಯಿತು. ಹೋದ ಮಳೆಗಾಲದಲ್ಲಿ, ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋದರು. ಆಗ ನಾನು ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದೆ. ನನ್ನ ಸ್ಥಿತಿ ನೋಡಿ ಮಕ್ಕಳು ಹೇಳಲಿಲ್ಲ. ಹೇಳಿದ್ದು ಐದನೆಯ ದಿನ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಮೂರನೆಯ ದಿನ ಮನೆಯವರು ಹೋಗಿ ಆ ಮಣ್ಣಿನ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಹೋದವರ ಹಸಿವು ನೀರಡಿಕೆ ತಣಿಯಲಿ ಎಂದು. ಮಗ, ಮಗಳು ಇಬ್ಬರೂ ಎಲ್ಲವನ್ನೂ ಸರಿಯಾಗಿ ಮಾಡಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಕೈಯಿಂದ ಒಂದು ಹನಿ ಬೀಳಲಿಲ್ಲ ಎನ್ನುವುದು ಒಳಗೆಲ್ಲೋ ಉಳಿದುಬಿಟ್ಟಿತು. ಯಾರ ಹತ್ತಿರವಾದರೂ ಹೇಳಿದರೆ, ಎಲ್ಲ ಮುಗಿದದ್ದಲ್ಲವೇ, ಈಗ ಹೋಗಿ ಏನು ಮಾಡುತ್ತೀರಿ ಎನ್ನುತ್ತಿದ್ದರು. ನಾನೂ ಹೌದೆಂದು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದವಳನ್ನು ಆ ನೀಲಿ ಬಾಟಲಿ ಎಬ್ಬಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು ನಾನು. ಮಾತು ಅತ್ತಿತ್ತ ಹೋದರೆ ಸ್ವಲ್ಪ ಸಹಿಸಿಕೊಳ್ಳಿ.

ಎಪ್ಪತ್ತರ ದಶಕದಲ್ಲಿ ನಮ್ಮವರು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ ಹೊಸ ನಗರ ಕಟ್ಟಲು ಹೊರಟ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದರು. ಸಾಹೇಬರು ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಕೆಳಗೆ ಕಂಡದ್ದನ್ನು ಮಸಿಯಲ್ಲಿ ಹಾಗೆಯೇ ಎತ್ತಿಕೊಳ್ಳುವ ಕೆಲಸ. ಒಂದು ಗೆರೆಯನ್ನೂ ಸ್ವಂತಕ್ಕೆ ಹಾಕುವಂತಿಲ್ಲ. ಆಮೇಲೆ ಆ ಹಾಳೆಯನ್ನು ಅಮೋನಿಯಾ ಮೆಷಿನ್ನಿಗೆ ಕೊಟ್ಟು ಪ್ರತಿ ತೆಗೆಯುವುದು. ಆ ಕೋಣೆಗೆ ಕಿಟಕಿ ಒಂದೇ ಇತ್ತಂತೆ. ಡೊಂಬಿವಲಿಯಲ್ಲಿ ನಾವಿದ್ದ ಚಾಳಿನ ಒಂದು ಖೋಲಿಯಲ್ಲಿ ಅವರು ಅಂಗಿ ಬಿಚ್ಚಿ ಮೊಳೆಗೆ ಹಾಕಿದರೆ ಇಡೀ ಮನೆ ಆ ಕಚೇರಿಯಾಗುತ್ತಿತ್ತು. ಪಕ್ಕದ ಖೋಲಿಯಲ್ಲಿದ್ದ ಉಡುಪಿ ಕಡೆಯ ಅಕ್ಕ, ನಿಮ್ಮ ಯಜಮಾನರು ಬಂದದ್ದು ಚಪ್ಪಲಿಯ ಸದ್ದಿಗಿಂತ ಮೊದಲೇ ನಮಗೆ ತಿಳಿಯುತ್ತದೆ ಮಾರಾಯ್ತಿ ಎಂದು ನಗುತ್ತಿದ್ದರು. ನಾನು ಆ ಅಂಗಿಗಳನ್ನು ಸೋಪಿನ ಪುಡಿಯಲ್ಲಿ ನೆನೆಸಿ, ನಿಂಬೆಹಣ್ಣು ತಿಕ್ಕಿ, ಬಿಸಿಲಿಗೆ ಹಾಕಿ ಸೋತೆ. ಈಗ ಅಂಥ ಒಂದು ಅಂಗಿ ಇದ್ದರೆ ತೊಳೆಯದೆ ಮಡಿಚಿ ಇಡುತ್ತಿದ್ದೆ.

ನಮ್ಮ ಜೊತೆ ಅವ್ವ ಇದ್ದಳು, ನನ್ನ ತಾಯಿ. ಇರಲು ಬೇರೆ ಎಲ್ಲೂ ಇರಲಿಲ್ಲ, ನಾನು ಒಬ್ಬಳೇ ಮಗಳು. ಅಳಿಯನ ಮನೆಯಲ್ಲಿ ಇರಬೇಕಲ್ಲ ಎಂದು ಅವಳು ಒಲೆಯ ಪಕ್ಕದ ಮೂಲೆಯನ್ನು ಬಿಟ್ಟು ಈಚೆ ಬರುತ್ತಿರಲಿಲ್ಲ. ವಿಜಾಪುರ ಕಡೆಯ ನಮ್ಮ ಹಳ್ಳಿಯ ರೀತಿಯಲ್ಲಿ ಅತ್ತೆಯಾದವಳು ಅಳಿಯನೊಡನೆ ನೇರ ಮಾತಾಡಬಾರದು. ಹತ್ತಡಿಗೆ ಹತ್ತಡಿಯ ಖೋಲಿಯಲ್ಲಿ ಇದನ್ನು ಪಾಲಿಸುವುದು ಹೇಗೆ ಹೇಳಿ? ಇಬ್ಬರೂ ಪಾಲಿಸಿದರು. ಅವ್ವ ಸೆರಗು ಎಳೆದುಕೊಂಡು ಗೋಡೆಗೆ ಮುಖ ಮಾಡಿ, “ಅವ್ರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು” ಎನ್ನುತ್ತಿದ್ದಳು. ಮೂರು ಅಡಿ ದೂರದಲ್ಲಿದ್ದ ಇವರು, “ಸಾಕಂತ ಹೇಳು” ಎನ್ನುತ್ತಿದ್ದರು. ನಡುವೆ ನಾನು ಅಂಚೆ ಕಚೇರಿ. ಮೊದಮೊದಲು ಎರಡೂ ಕಡೆಯ ಮಾತನ್ನು ನಿಷ್ಠೆಯಿಂದ ಮುಟ್ಟಿಸುತ್ತಿದ್ದೆ. ಆಮೇಲೆ, ಇಬ್ಬರಿಗೂ ಕಿವಿ ಇದೆಯಲ್ಲ ಎಂದು ಸುಮ್ಮನೆ ರೊಟ್ಟಿ ತಟ್ಟುತ್ತಿದ್ದೆ. ಆದರೂ ನಾನು ಎದ್ದು ನೀರಿಗೆ ಹೋದರೆ ಇಬ್ಬರ ಮಾತೂ ನಿಂತುಹೋಗುತ್ತಿತ್ತು.

ಅವ್ವನಿಗೆ ಒಂದು ಅಭ್ಯಾಸವಿತ್ತು. ನೀರು ಕುಡಿಯುವ ಮೊದಲು ಲೋಟ ಬಗ್ಗಿಸಿ ನಾಲ್ಕು ಹನಿ ನೆಲಕ್ಕೆ ಬಿಡುತ್ತಿದ್ದಳು. ನೆಲ ಒರೆಸಿ ಸಾಕಾಗಿ ನಾನು ಬೈಯುತ್ತಿದ್ದೆ. ಅವಳು ಉತ್ತರ ಕೊಡುತ್ತಿರಲಿಲ್ಲ. ಅದು ಯಾವುದೋ ದೇವರ ಹರಕೆ ಇರಬೇಕು ಎಂದುಕೊಂಡು ಇಪ್ಪತ್ತೈದು ವರ್ಷದವಳಾದೆ ನಾನು. ಕಾರಣ ಗೊತ್ತಾದದ್ದು ಒಂದು ನಕ್ಷೆಯ ದೆಸೆಯಿಂದ.

ಒಂದು ದಿನ ಇವರು ಊಟಕ್ಕೆ ಕೂತಾಗ ಕಚೇರಿಯ ಸುದ್ದಿ ಹೇಳುತ್ತಿದ್ದರು. ಹಳೆಯ ಕಪಾಟಿನಲ್ಲಿ ಬ್ರಿಟಿಷರ ಕಾಲದ ಒಂದು ಸರ್ವೆ ನಕ್ಷೆ ಸಿಕ್ಕಿದೆ, ಬಟ್ಟೆಯ ಮೇಲೆ ಅಂಟಿಸಿದ್ದು, ಮುಂಬ್ರಾದಿಂದ ಬೇಲಾಪುರದವರೆಗಿನ ಗುಡ್ಡದ ಸಾಲು ಒಂದು ಕಲ್ಲೂ ಬೀಳದೆ ಅದರಲ್ಲಿ ಇಡಿಯಾಗಿ ಇದೆ, ಈಗ ನೋಡಿದರೆ ಅರ್ಧ ಗುಡ್ಡಗಳು ಖಡಿಯಾಗಿ, ಜಲ್ಲಿಯಾಗಿ ರಸ್ತೆಯ ಕೆಳಗೆ ಹೋಗಿವೆ ಎಂದರು. ಅವ್ವ ರೊಟ್ಟಿ ಸುಡುವುದನ್ನು ನಿಲ್ಲಿಸಿದಳು. ಗೋಡೆಗೆ ಮುಖ ಮಾಡಿಯೇ ಕೇಳಿದಳು.

“ಅದರಾಗ ಖಣಿ ಕಾಣ್ತಾವೇನು ಕೇಳು.”

ಅಂದು ಅವ್ವ ನನ್ನ ಮೂಲಕ, ಆದರೆ ನನಗೂ ಮೊದಲ ಸಲ, ಅಪ್ಪನ ವಿಷಯ ಹೇಳಿದಳು. ಅಪ್ಪ ಕಲ್ಲಿನ ಖಣಿಯಲ್ಲಿ ಸತ್ತದ್ದು ನನಗೆ ಗೊತ್ತಿತ್ತು. ಹೇಗೆ, ಎಲ್ಲಿ ಎಂದು ಕೇಳಿದರೆ, ಎಲ್ಲೋ ಖಾಡಿಯ ಕಡೆ ಎಂದು ಮುಗಿಸುತ್ತಿದ್ದಳು. ನನಗೆ ಮೂರು ವರ್ಷ ಇದ್ದಾಗ ನಡೆದದ್ದು. ಮೇಲಿನಿಂದ ಒಂದು ಚಪ್ಪಡಿ ಜಾರಿ ಅಪ್ಪನ ಸೊಂಟದ ಮೇಲೆ ಬಿತ್ತು. ಎಲ್ಲರೂ ಸೇರಿ ಅದನ್ನು ಎತ್ತಿ ಅಪ್ಪನನ್ನು ನೆರಳಿಗೆ ತಂದರು. ಸ್ವಲ್ಪ ಹೊತ್ತು ಮಾತಾಡುತ್ತಿದ್ದನಂತೆ. ನೀರು ಕೇಳಿದ. ಪೆಟ್ಟು ಬಿದ್ದವನಿಗೆ ನೀರು ಕೊಡಬಾರದು ಎಂದು ಸುತ್ತ ನಿಂತವರು ಹೇಳಿದರು. ಅವ್ವನ ಕೈಯಲ್ಲಿ ತಂಬಿಗೆ ಇತ್ತು. ಕೊಡಲಿಲ್ಲ. ಅಪ್ಪ ಹೋದ ಮೇಲೆ ಖಣಿಯ ಪಕ್ಕದ ಇಳಿಜಾರಿನಲ್ಲಿ, ಹಳ್ಳದ ದಂಡೆಗೆ ಹೂತರು. ಮಾರನೆಯ ದಿನವೇ ಕೂಲಿಗಳ ಮೇಲಿನ ಮುಕಾದಮ ಇಡೀ ತಂಡವನ್ನು ಕಲ್ಯಾಣದ ಆಚೆಯ ಬೇರೊಂದು ಖಣಿಗೆ ಎಬ್ಬಿಸಿಕೊಂಡು ಹೋದ. ಮೂರನೆಯ ದಿನದ ಹಾಲು ತುಪ್ಪ ಆಗಲೇ ಇಲ್ಲ. ಆಮೇಲೆ ಹುಡುಕಿಕೊಂಡು ಹೋಗಲು ಅವಳಿಗೆ ಆ ಜಾಗದ ಹೆಸರೇ ಗೊತ್ತಿರಲಿಲ್ಲ. ಖಣಿಗಳಿಗೆ ಹೆಸರು ಎಲ್ಲಿರುತ್ತದೆ?

“ಕಣ್ಣು ಮುಚ್ಚೂದ್ರೊಳಗ ಒಮ್ಮೆ ಅಲ್ಲಿ ಹಾಲು ತುಪ್ಪ ಬಿಟ್ಟು ಬರಬೇಕು” ಎಂದಳು ಅವ್ವ. “ನೀರಡಿಸಿ ಹೋಗ್ಯಾರ ಅವ್ರು. ಅಷ್ಟ ನಂದು.”

ನಾನು ಈ ಮಾತನ್ನು ಯಾರಿಗೂ ಮುಟ್ಟಿಸಬೇಕಾಗಲಿಲ್ಲ. ನಮ್ಮವರು ತಟ್ಟೆಯಲ್ಲಿ ಕೈ ತೊಳೆದು, ಆ ಜಾಗದ ಬಗ್ಗೆ ಏನೇನು ನೆನಪಿದೆ ಎಲ್ಲ ಕೇಳು ಎಂದರು.

ಅವ್ವನ ನೆನಪು ಹೀಗಿತ್ತು. ಸಂಜೆ ಸೂರ್ಯ ಎದುರಿನ ಖಾಡಿಯಲ್ಲಿ ಮುಳುಗುತ್ತಿದ್ದ. ದೂರದಲ್ಲಿ ಉಪ್ಪಿನ ಬೆಳ್ಳಗಿನ ರಾಶಿಗಳು ಕಾಣುತ್ತಿದ್ದವು. ಹಳ್ಳದಲ್ಲಿ ಹೋಳಿ ಹುಣ್ಣಿಮೆಯ ತನಕ ನೀರಿರುತ್ತಿತ್ತು. ಕಲ್ಲು ಕಪ್ಪು, ಹೊಡೆದರೆ ಹಿತ್ತಾಳೆಯ ಕೊಡದಂತೆ ಗುಂಯ್ ಎನ್ನುತ್ತಿತ್ತು. ಖಣಿಯಿಂದ ಕೆಳಗಿನ ದೊಡ್ಡ ದಾರಿಗೆ ಬರುವಷ್ಟರಲ್ಲಿ ದಣಿವಾರಿಸಿಕೊಳ್ಳಲು ಐದು ಸಲ ಹೊರೆ ಇಳಿಸಬೇಕಾಗುತ್ತಿತ್ತು. ಇಷ್ಟೇ. ನಾನು ಮನಸ್ಸಿನಲ್ಲೇ, ಇದರಿಂದ ಏನು ಸಿಗುತ್ತದೆ ಎಂದುಕೊಂಡೆ. ನಮ್ಮವರು ಮಾತ್ರ ಸಾಹೇಬರು ಹೇಳಿದ್ದನ್ನು ಬರೆದುಕೊಳ್ಳುವಂತೆ ಒಂದೊಂದನ್ನೂ ಹಾಲಿನ ಚೀಟಿಯ ಹಿಂಬದಿಗೆ ಬರೆದುಕೊಂಡರು.

ಆ ನಕ್ಷೆಯನ್ನು ಹೊರಗೆ ತರುವಂತಿರಲಿಲ್ಲ. ಇವರು ತಮ್ಮ ಮೇಲಿನ ಸಾಹೇಬರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಆ ಪುಣ್ಯಾತ್ಮ, ಊಟದ ಹೊತ್ತಿನಲ್ಲಿ ಕೂತು ಗುಡ್ಡ ಮತ್ತು ಹಳ್ಳ ಇಷ್ಟನ್ನೇ ಎತ್ತಿಕೋ, ಬೇರೆ ಏನೂ ಬೇಡ ಎಂದು ಒಪ್ಪಿಕೊಂಡರಂತೆ. ಅವರ ಮುಖ ನಾನು ನೋಡಿಲ್ಲ. ಈ ವಯಸ್ಸಿನಲ್ಲೂ ಕೈ ಮುಗಿಯುವಾಗ ಅವರನ್ನು ಸೇರಿಸಿಕೊಳ್ಳುತ್ತೇನೆ. ಸುಮಾರು ಒಂದು ತಿಂಗಳು ಇವರ ಡಬ್ಬಿಯ ರೊಟ್ಟಿಗಳಲ್ಲಿ ಒಂದೆರಡು ವಾಪಸು ಬರತೊಡಗಿದವು. ನನ್ನ ಅಡಿಗೆ ಕೆಟ್ಟಿತೇ ಎಂದು ಎಣ್ಣೆ ಜಾಸ್ತಿ ಹಾಕಿದೆ, ಖಾರ ಕಮ್ಮಿ ಮಾಡಿದೆ, ಎರಡು ದಿನ ಮುನಿಸಿಕೊಂಡೂ ನೋಡಿದೆ. ಆಮೇಲೆ ತಿಳಿಯಿತು: ಊಟದ ಹೊತ್ತೆಲ್ಲ ಗುಡ್ಡ ಬರೆಯುತ್ತ ಕೂತು, ಸಂಜೆ ಠಾಣೆಯಿಂದ ಬರುವ ಗಾಡಿಯಲ್ಲಿ ಬಾಗಿಲ ಹತ್ತಿರ ಒಂದು ಕೈಯಲ್ಲಿ ಜೋತುಬಿದ್ದು ಇನ್ನೊಂದು ಕೈಯಲ್ಲಿ ತಿನ್ನುತ್ತಿದ್ದರು. ಗರ್ದಿ ಹೆಚ್ಚಿದ್ದ ದಿನ ಡಬ್ಬಿ ಮುಗಿಯುತ್ತಿರಲಿಲ್ಲ.

ನಕ್ಷೆಯ ಪ್ರತಿ ಮನೆಗೆ ಬಂದ ದಿನ ನಾನು ಬಗ್ಗಿ ನೋಡಿದೆ. ನೀವು ಅಂಥ ನಕ್ಷೆ ನೋಡಿದ್ದೀರಾ? ಹಾಳೆಯ ತುಂಬ ಒಂದರೊಳಗೊಂದು ಸುತ್ತಿಕೊಂಡ ಸಣ್ಣ ಗೆರೆಗಳು. ನನಗೆ ಚಳಿಗಾಲದಲ್ಲಿ ಒಡೆದ ಹಿಮ್ಮಡಿಯಂತೆ ಕಂಡಿತು. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ ಇದು, ಕಚೇರಿಯಲ್ಲಿ ಕಂಟೂರ್ ಎನ್ನುತ್ತಾರೆ ಎಂದು ಇವರು ಅಂಗೈ ಮೇಲೆ ಅಂಗೈ ಇಟ್ಟು ವಿವರಿಸಿದರು. ಅರ್ಥವಾದವಳ ಹಾಗೆ ತಲೆಯಾಡಿಸಿದೆ. ಅವ್ವ ಮೂಲೆಯಿಂದ ಎದ್ದು ಬಂದು, ನನ್ನ ಹೆಗಲ ಮೇಲಿಂದ ಇಣುಕಿದಳು. ಅಕ್ಷರ ಬರದವಳು. ಬೆರಳಿನಿಂದ ಗೆರೆಯನ್ನು ಮೆಲ್ಲಗೆ ಮುಟ್ಟಿಕೊಂಡು ಹೋದಳು.

“ಇವು ಮೆಟ್ಟಲ ಅಲ್ಲೇನು?” ಎಂದಳು. “ಖಣಿಯಾಗ ಮೆಟ್ಟಲಾ ಮಾಡಿ ಮಾಡಿ ಕಡೀತೇವಲ್ಲ, ಹಂಗ. ಇಲ್ಲಿ ಗೆರಿ ಒಂದಕ್ಕೊಂದು ಹತ್ತ್ಯಾವ ನೋಡು, ಇಲ್ಲಿ ಗುಡ್ಡ ನೆಟ್ಟಗ ನಿಂತಿರತೈತಿ. ಕಲ್ಲು ಹೊಡದ್ರ ತಾನ ಕೆಳಗ ಬೀಳತೈತಿ. ಖಣಿ ಹಾಕೂದು ಇಲ್ಲೇ.”

ನಮ್ಮವರು ಪೆನ್ಸಿಲನ್ನು ಕಿವಿಯ ಮೇಲಿಟ್ಟುಕೊಂಡು ಅವ್ವನನ್ನೇ ನೋಡಿದರು. ಸಾಹೇಬರಿಗೆ ಎರಡು ವರ್ಷ ಕಾಲೇಜಿನಲ್ಲಿ ಕಲಿಸುತ್ತಾರೆ ಇದನ್ನು ಎಂದು ನನಗೆ ಹೇಳಿದರು. ನಾನು ಆ ಮಾತನ್ನು ಮುಟ್ಟಿಸುವ ಮೊದಲೇ ಅವ್ವ ಸೆರಗಿನ ಒಳಗೆ ನಕ್ಕಳು.

ಖಾಡಿಯ ಕಡೆಗೆ ಮುಖ ಮಾಡಿ, ಪಕ್ಕದಲ್ಲಿ ಹಳ್ಳ ಇದ್ದು, ಗೆರೆಗಳು ಒತ್ತಾಗಿ ಬಂದ ಜಾಗಗಳು ಆ ಹಾಳೆಯಲ್ಲಿ ಮೂರು ಇದ್ದವು. ಒಂದು ದೊಡ್ಡ ದಾರಿಗೆ ಹತ್ತಿರ, ಒಂದು ನಡುವೆ, ಒಂದು ದೂರ. ಆ ಹಾಳೆಯಲ್ಲಿ ಒಂದು ಖಣಿಯೂ ಇರಲಿಲ್ಲ ಎನ್ನುವುದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದನ್ನು ಬರೆದಾಗ ಅಪ್ಪ ಇನ್ನೂ ಹಳ್ಳಿಯಲ್ಲೇ ಇದ್ದ, ಬಹುಶಃ ಹುಟ್ಟಿಯೂ ಇರಲಿಲ್ಲ. ಚಪ್ಪಡಿ ಗುಡ್ಡದೊಳಗೆ ತನ್ನ ಜಾಗದಲ್ಲೇ ಇತ್ತು. ಯಾರಿಗೂ ಏನೂ ಆಗಿರಲಿಲ್ಲ.

ಮೂರರಲ್ಲಿ ಯಾವುದು ಎಂದು ತಿಳಿಯಲು ಉಳಿದದ್ದು ಐದು ಸಲ ಹೊರೆ ಇಳಿಸಿದ ಲೆಕ್ಕ. ಹೊರೆ ಹೊತ್ತ ಹೆಂಗಸು ಒಂದು ಸಲಕ್ಕೆ ಎಷ್ಟು ದೂರ ನಡೆಯುತ್ತಾಳೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮವರು ಒಂದು ಭಾನುವಾರ ಸ್ಟೇಶನ್ನಿನ ಆಚೆ ಕಟ್ಟಡ ಏಳುತ್ತಿದ್ದ ಕಡೆ ಹೋಗಿ, ಖಡಿಯ ಬುಟ್ಟಿ ಹೊತ್ತ ಹೆಂಗಸೊಬ್ಬಳ ಹಿಂದೆ ಹೆಜ್ಜೆ ಎಣಿಸುತ್ತ ನಡೆದರು. ಎರಡನೆಯ ಸುತ್ತಿಗೆ ಅವಳು ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳಂತೆ.

“ಏನ್ರೀ ಅಣ್ಣಾರ, ಹಿಂದ ಹಿಂದ ಯಾಕ ಬರಾಕತ್ತೀರಿ? ಮನ್ಯಾಗ ಹೇಳಿ ಬಂದೀರೇನು?”

ಕಲಬುರಗಿ ಕಡೆಯವಳು. ಇವರು ತೊದಲುತ್ತ ವಿಷಯ ಹೇಳಿದ ಮೇಲೆ ಅವಳೇ ಗುರುವಾದಳು. ಉಂಡ ಮೇಲೆ ಒಂದು ಲೆಕ್ಕ, ಹಸಿದಾಗ ಒಂದು ಲೆಕ್ಕ, ಇಳಿಜಾರಿಗೆ ಬೇರೆ ಎಂದೆಲ್ಲ ಹೇಳಿ, ತಾನೇ ಬುಟ್ಟಿ ಹೊತ್ತು ಮೂರು ಸಲ ನಡೆದು ತೋರಿಸಿದಳು. ಮನೆಗೆ ಬಂದು ಇವರು ಇದನ್ನು ಹೇಳುವಾಗ ನಾನು ಹೊಟ್ಟೆ ಹಿಡಿದು ನಕ್ಕೆ. ಅವ್ವನೂ ಗೋಡೆಯ ಕಡೆ ತಿರುಗಿ ಅಲುಗುತ್ತಿದ್ದಳು.

ಆ ಲೆಕ್ಕದ ಪ್ರಕಾರ ಜಾಗ ಮೂರನೆಯದು, ದೂರದ್ದು. ತಡ ಮಾಡುವಂತಿರಲಿಲ್ಲ. ಗುಡ್ಡದ ಬುಡದಲ್ಲಿ ಗೋದಾಮುಗಳ ಸಾಲು ಬರುವ ನಕ್ಷೆ ಆಗಲೇ ಇವರ ಮೇಜಿಗೆ ಬಂದಿತ್ತು. ಮಳೆ ನಿಂತು ನೆಲ ಒಣಗಿದ ಮೇಲೆ ಒಂದು ಭಾನುವಾರ ನಾವು ಮೂವರೂ ಹೊರಟೆವು. ಠಾಣೆಯಿಂದ ಬಸ್ಸು. ಅವ್ವ ಹಾಲಿನ ಗಿಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಅಂಗೈ ಮುಚ್ಚುತ್ತಿದ್ದಳು. ಇಳಿದು, ಹುಲ್ಲು ಒಣಗಿದ ದಾರಿಯಲ್ಲಿ ಬಹಳ ನಡೆದೆವು. ಖಣಿ ಸಿಕ್ಕಿತು. ಹಳ್ಳ ಇತ್ತು. ಖಾಡಿ ಎದುರಿಗೇ ಇತ್ತು. ನಮ್ಮವರ ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ. ಅವ್ವ ಗಿಂಡಿಯನ್ನು ನನ್ನ ಕೈಗೆ ಕೊಟ್ಟು ಒಂದು ಕಲ್ಲನ್ನು ಎತ್ತಿ ಇನ್ನೊಂದಕ್ಕೆ ಬಡಿದಳು. ಇನ್ನೊಂದು ಎತ್ತಿ ಮತ್ತೆ ಬಡಿದಳು. ಸದ್ದು ಮಂಕಾಗಿತ್ತು.

“ಇದಲ್ಲ” ಎಂದಳು.

ಗಿಂಡಿಯನ್ನು ಹಾಗೆಯೇ ಹೊತ್ತು ಹಿಂತಿರುಗಿದೆವು. ಆ ಹಾಲನ್ನು ಅವ್ವ ಕಾಯಿಸಲಿಲ್ಲ, ಯಾರಿಗೂ ಕೊಡಲಿಲ್ಲ. ಅದು ಗಿಂಡಿಯಲ್ಲೇ ಒಡೆಯಿತು. ನಮ್ಮವರು ಮನೆಯಲ್ಲಿ ಹಾಳೆ ಹರಡಿಕೊಂಡು, ತಮ್ಮ ಕೈ ಎಲ್ಲಿ ತಪ್ಪಿತು, ಗೆರೆ ಎಲ್ಲಿ ಜಾರಿತು ಎಂದು ದೀಪ ಹತ್ತಿರ ಎಳೆದು ಹುಡುಕಿದರು. ಟ್ರೇಸರ್ ಆದವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅವ್ವ ಅವರ ತಟ್ಟೆಯಲ್ಲಿ ಉಳಿದ ರೊಟ್ಟಿ ನೋಡಿದಳು. ಸೆರಗು ಸರಿಸಿದಳು. ಗೋಡೆಯ ಕಡೆಯಿಂದ ಈ ಕಡೆ ತಿರುಗಿ ಕೂತಳು. ನನ್ನನ್ನು ನೋಡಲಿಲ್ಲ, ಅಳಿಯನನ್ನು ನೋಡಿದಳು.

“ನೋಡ್ರಿ, ನಿಮ್ಮ ಗೆರಿ ತಪ್ಪಿಲ್ಲ. ಲೆಕ್ಕ ಹೇಳಿದ್ದು ನಾ ತಪ್ಪು” ಎಂದಳು. “ದಿನಾ ಹೊರಿ ಹೊತ್ತಾಗ ಎಷ್ಟು ಸಲ ಇಳಸ್ತಿದ್ನ್ಯೋ ನನಗ ನೆನಪ ಇಲ್ಲ. ಐದು ಸಲ ಇಳಿಸಿದ್ದು ಕಡೀ ದಿನ. ತಲಿ ಮ್ಯಾಲೆ ಪಾತ್ರಿ ಗಂಟು, ಬಗಲಾಗ ಇಕಿ. ತುಸು ನಡದ್ರ ಸಾಕು, ಅಪ್ಪ ಬರ್ಲಿ, ಅಪ್ಪ ಬರ್ಲಿ ಅಂತ ಕಾಲು ಝಾಡಿಸಿ ಇಳೀತಿದ್ಲು. ಗಂಟು ಇಳಿಸಿ, ಇಕೀನ ಹಿಡದು ತಂದು, ಮತ್ತ ಹೊತ್ಕೊಂಡು ನಡೀತಿದ್ದೆ. ಹೊರಿ ಭಾರ ಇರಲಿಲ್ಲರಿ ಅವತ್ತು.”

ನನ್ನ ಕೈ ಹಿಟ್ಟಿನಲ್ಲೇ ಇತ್ತು. ನನಗೆ ಆ ದಿನದ ಏನೂ ನೆನಪಿಲ್ಲ. ಎಷ್ಟು ಪ್ರಯತ್ನಪಟ್ಟರೂ ಇಲ್ಲ. ಆದರೆ ಆ ದಾರಿಯನ್ನು ಉದ್ದ ಮಾಡಿದವಳು ನಾನು. ಅವ್ವ ಅದೇ ದಾರಿಯಲ್ಲಿ ಎಷ್ಟೋ ಸಲ ನಡೆದವಳು. ಅವಳಿಗೆ ಉಳಿದದ್ದು ಕೊನೆಯ ಒಂದು ಸಲ ಮಾತ್ರ. ನಮ್ಮವರು ಹಾಳೆಯನ್ನು ಹತ್ತಿರ ಎಳೆದುಕೊಂಡು, “ಹಂಗಾದ್ರ ಹತ್ತಿರದ್ದರೀ ಅತ್ತಿ” ಎಂದರು. ಅವರಿಬ್ಬರ ನಡುವಿನ ಮೊದಲ ನೇರ ಮಾತು ಅದು. ನನ್ನ ಅಂಚೆ ಕಚೇರಿ ಅಂದಿಗೆ ಮುಚ್ಚಿತು.

ಮುಂದಿನ ಭಾನುವಾರ ಮತ್ತೆ ಹೋದೆವು. ಹಾಲು ಹೊಸದು, ತುಪ್ಪ ಉಡುಪಿಯ ಅಕ್ಕ ಕೊಟ್ಟದ್ದು. ದೊಡ್ಡ ದಾರಿಯಿಂದ ಈ ಸಲ ಬಹಳ ನಡೆಯಬೇಕಾಗಲಿಲ್ಲ. ಒಂದು ಸಣ್ಣ ಏರು ಹತ್ತಿದ ಕೂಡಲೇ ನಮ್ಮವರು ನಿಂತುಬಿಟ್ಟರು. ಎದುರಿಗೆ ಗುಡ್ಡ ಇರಲಿಲ್ಲ. ಗುಡ್ಡ ಇರಬೇಕಾದ ಕಡೆ ದೊಡ್ಡ ಹೊಂಡ, ಅದರ ತುಂಬ ಹಸಿರು ನೀರು. ನಾಲ್ಕೂ ಕಡೆ ಕಡಿದ ಗೋಡೆ. ಕೆಲಸ ನಿಂತು ವರ್ಷಗಳಾಗಿರಬೇಕು, ಗೋಡೆಯ ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ಇವರು ಹಾಳೆಯನ್ನು ಬಿಚ್ಚಿ, ಹಳ್ಳವನ್ನು ಹುಡುಕಿ, ಹಾಳೆಯನ್ನು ತಿರುಗಿಸಿ, ಮತ್ತೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. ಅಪ್ಪನನ್ನು ಹೂತ ಇಳಿಜಾರು ಖಣಿಯ ಜೊತೆಗೇ ಹೋಗಿದೆ, ಆ ಜಾಗ ಈಗ ಆ ನೀರಿನ ಮೇಲೆ ಗಾಳಿಯಲ್ಲಿದೆ, ನೆಲವೇ ಇಲ್ಲ, ನೀನೇ ಹೇಗಾದರೂ ಹೇಳು ಎಂದರು. ಇಷ್ಟು ವರ್ಷ ಮಾತು ಮುಟ್ಟಿಸಿದ ನನಗೆ ಅದೊಂದನ್ನು ಮುಟ್ಟಿಸಲು ಬಾಯಿ ಬರಲಿಲ್ಲ.

ಅವ್ವ ಅಷ್ಟರಲ್ಲಿ ಒಂದು ಕಲ್ಲನ್ನು ಇನ್ನೊಂದಕ್ಕೆ ಬಡಿದಿದ್ದಳು. ಗುಂಯ್ ಎಂದಿತು. ನಾನು ಅವಳ ಹತ್ತಿರ ಹೋದೆ. ಅವಳು ನನ್ನ ಮುಖ ನೋಡಿಯೇ, “ಗೊತ್ತೈತಿ ನನಗ” ಎಂದಳು. “ಕಲ್ಲು ಒಳ್ಳೇದಿತ್ತು. ಬಿಡತಾರೇನು?”

ಅಂಚಿನಲ್ಲಿ ಕೂತು ಬಹಳ ಹೊತ್ತು ಕೆಳಗೆ ನೋಡಿದಳು. ಅಳುತ್ತಾಳೆ ಎಂದು ನಾನು ಕಾದೆ. ನೀರಿನ ಮೇಲೆ ಬಿಸಿಲು ಬಿದ್ದು ಅವಳ ಗದ್ದದ ಕೆಳಗೆ ಬೆಳಕು ಆಡುತ್ತಿತ್ತು. ಕೊನೆಗೆ ಅವಳು ಹೇಳಿದ ಮಾತು ಇದು:

“ಎಷ್ಟು ನೀರು ಅದಾವ ನೋಡವ್ವಾ ಅವರ ಕಡೆ.”

ಆಮೇಲೆ ಗಿಂಡಿಯ ಬಾಯಿ ಬಿಚ್ಚಿ ಹಾಲನ್ನು ಅಂಚಿನಿಂದ ಬಿಟ್ಟಳು. ಕಪ್ಪು ಕಲ್ಲಿನ ಮೇಲೆ ಬೆಳ್ಳಗೆ ಇಳಿದು ಅದು ನೀರು ಮುಟ್ಟಿತು. ತುಪ್ಪವನ್ನು ನನ್ನ ಕೈಯಿಂದ ಬಿಡಿಸಿದಳು. ನಮ್ಮವರು ಹಿಂದೆ, ಚಪ್ಪಲಿ ಬಿಟ್ಟು, ಸುತ್ತಿದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅವ್ವ ತಿರುಗಿ ಅವರನ್ನೂ ಕರೆದಳು. ಗಿಂಡಿಯ ತಳದಲ್ಲಿ ಉಳಿದದ್ದನ್ನು ಅಳಿಯನ ಅಂಗೈಗೆ ಹಾಕಿ, “ನಿಮ್ಮ ಕೈಯಿಂದನೂ ಬೀಳಲಿ. ದಾರಿ ತೋರಿಸಿದೋರು ನೀವು” ಎಂದಳು.

ಅಂದು ಸಂಜೆ ಠಾಣೆ ಸ್ಟೇಶನ್ನಿನಲ್ಲಿ ನಳದ ಹತ್ತಿರ ನಿಂತು ಅವ್ವ ಬೊಗಸೆ ಒಡ್ಡಿ ನೀರು ಕುಡಿದಳು. ಮೊದಲು ಒಂದು ಹನಿಯನ್ನೂ ನೆಲಕ್ಕೆ ಬಿಡಲಿಲ್ಲ. ನಾನು ನಮ್ಮವರ ಕಡೆ ನೋಡಿದೆ. ಅವರೂ ಅದನ್ನೇ ನೋಡುತ್ತಿದ್ದರು.

ಆ ನಕ್ಷೆ ಏನಾಯಿತು ಎಂದು ನೀವು ಕೇಳಬಹುದು. ನಾನು ಅದನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಬೇಸಿಗೆಯಲ್ಲಿ ನೋಡಿದರೆ ಅವ್ವ ಅದನ್ನು ಮಾಳಿಗೆಯಲ್ಲಿ ಹಾಸಿ ಅದರ ಮೇಲೆ ಸಂಡಿಗೆ ಹಾಕಿದ್ದಳು. ಹಾಳೆ ಗಟ್ಟಿ, ಅಂಟುವುದಿಲ್ಲ, ದಾರಿ ಹೆಂಗೂ ಗೊತ್ತಾಯಿತಲ್ಲ ಎಂದಳು. ನಾನು ಕೂಗಾಡಿದೆ. ನಮ್ಮವರು ಮಾತ್ರ ಮಾಳಿಗೆಯಲ್ಲಿ ಕೂತು, ಯಾವ ಸಂಡಿಗೆ ಯಾವ ಗುಡ್ಡದ ಮೇಲಿದೆ ಎಂದು ಎಣಿಸಿ ಅವ್ವನಿಗೆ ಹೇಳುತ್ತಿದ್ದರು. ಇಬ್ಬರೂ ಮಕ್ಕಳ ಹಾಗೆ ನಗುತ್ತಿದ್ದರು. ಎಂಬತ್ತರ ದಶಕದ ನಡುವಿನವರೆಗೆ ನಾವು ವರ್ಷಕ್ಕೊಮ್ಮೆ ಹೊಂಡಕ್ಕೆ ಹೋಗಿ ಬರುತ್ತಿದ್ದೆವು. ಆಮೇಲೆ ಮಣ್ಣು ತುಂಬಿದರು, ಗೋದಾಮು ಬಂತು, ಗೇಟು ಬಂತು. ಅಷ್ಟರಲ್ಲಿ ಅವ್ವನೂ ಹೋಗಿದ್ದಳು. ಮೂರನೆಯ ದಿನ ಅವಳಿಗೆ ಹಾಲು ಬಿಟ್ಟವರಲ್ಲಿ ಹೆಚ್ಚು ಅತ್ತವರು ನಮ್ಮವರು.

ಮೊನ್ನೆ ಇಷ್ಟನ್ನು ಬರೆದು ಮುಗಿಸುವ ಹೊತ್ತಿಗೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ತಡವಾಗಿ, ನೆಲವೇ ಇಲ್ಲದ ಜಾಗಕ್ಕೆ ಒಬ್ಬ ಹೆಂಗಸು ಹಾಲು ಬಿಟ್ಟು ನೆಮ್ಮದಿಯಿಂದ ಬಂದಳು. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದವರ ಹೆಂಡತಿ ನಾನು, ಎಂಟು ತಿಂಗಳು ತಡವಾಯಿತೆಂದು ಕೂತಿದ್ದೇನಲ್ಲ.

ನಿನ್ನೆ ಬೆಳಿಗ್ಗೆ ಹಾಲು ತುಪ್ಪ ಹಿಡಿದು, ಮಗಳನ್ನು ಕರೆದುಕೊಂಡು ಕಲ್ಯಾಣದ ಕಡೆಗಿರುವ ನಮ್ಮ ಜನರ ರುದ್ರಭೂಮಿಗೆ ಹೋದೆ. ರಿಕ್ಷಾದಲ್ಲಿ ಅವಳು, ಆಯೀ, ನಿನಗೆ ಆಗುತ್ತದೆಯೇ ಎಂದು ಮೂರು ಸಲ ಮರಾಠಿಯಲ್ಲಿ ಕೇಳಿದಳು. ಆಗುತ್ತದೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಒಳಗೆ ಹೋದರೆ ಅವಳಿಗೆ ಜಾಗ ಗುರುತು ಹತ್ತಲಿಲ್ಲ. ಅಂದು ಮಳೆ, ಕೆಸರು, ಎಲ್ಲ ಒಂದೇ ಥರ ಇತ್ತು ಎಂದಳು. ಈಗ ಮಣ್ಣು ಕೂತು ಹುಲ್ಲು ಬೆಳೆದು ಸಾಲಿಗೆ ಸಾಲೇ ಸಮವಾಗಿತ್ತು. ನೋಡಿಕೊಳ್ಳುವ ಮುದುಕ ತಗಡಿನ ಚಪ್ಪರದ ಕೆಳಗೆ ಉದ್ದನೆಯ ಪುಸ್ತಕ ಇಟ್ಟುಕೊಂಡು ಕೂತಿದ್ದ. ಕನ್ನಡಕ ಏರಿಸಿ, ಪುಟ ತಿರುಗಿಸುತ್ತ ನನ್ನನ್ನು ಕೇಳಿದ.

“ನಾವ್ ಸಾಂಗಾ, ಆಜೀ.”

ಹೆಸರು ಹೇಳಿ ಎಂದು. ಮಗಳು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ತಡೆದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ರೇಶನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿಯೂ ಆ ಹೆಸರನ್ನು ನನ್ನ ಬಾಯಿಂದ ಹೇಳಿದವಳಲ್ಲ. ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು, ಅವರು ಹೇಳುತ್ತಿದ್ದರು.

“ಮಲ್ಲೇಶಪ್ಪ” ಎಂದೆ.

ಮುದುಕನಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ, ಜೋರಾಗಿ ಹೇಳಿ ಎಂದ. ಇನ್ನೊಂದು ಸಲ ಹೇಳಬೇಕಾಯಿತಲ್ಲ ಎಂದು ನನಗೆ ಸಂತೋಷವಾಯಿತು. ಸುತ್ತಲಿನ ಆ ಸಾಲುಗಳಿಗೆಲ್ಲ ಕೇಳುವ ಹಾಗೆ ಹೇಳಿದೆ.